ನನಗಿಂತ ಚಿಕ್ಕವಳಾದ ಅಮ್ಮನಿಗೆ

ಪ್ರೀತಿಯ ಅಮ್ಮ,

ಕ್ಷೇಮ ಸಮಾಚಾರದಿಂದ ಶುರುಮಾಡೋಣವೆಂದರೆ ನಿನ್ನ ಕ್ಷೇಮವನ್ನು ಯಾರನ್ನು ಕೇಳಲಿ? ನಾನಂತೂ ಚೆನ್ನಾಗಿದ್ದೇನೆ. ಮಂಡಿನೋವೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನನಗೀಗ ಐವತ್ತೊಂದು. ನೀನು ಹೋದಾಗ ನಿನಗೆ ಮೂವತ್ತಮೂರು, ನನಗೆ ಏಳು. ಹೊರಟ ದಿನ ನೀನು ನನ್ನನ್ನು ಒಂದು ಮಾತು ಕೇಳಿದ್ದೆ, ನಾನು ಉತ್ತರ ಕೊಟ್ಟಿರಲಿಲ್ಲ. ಅದು ನಲವತ್ತನಾಲ್ಕು ವರ್ಷದಿಂದ ಗಂಟಲಲ್ಲೇ ಉಳಿದಿದೆ. ಇವತ್ತು ಬರೆದು ಮುಗಿಸಿಬಿಡಬೇಕೆಂದು ಕುಳಿತಿದ್ದೇನೆ. ಇಷ್ಟಕ್ಕೂ ಕಾರಣ ಒಂದು ಟೀವಿ ಧಾರಾವಾಹಿ.

ನಗಬೇಡ. ಈ ವಯಸ್ಸಿನಲ್ಲಿ ನಾನು ಆಕಾಶನೌಕೆಯ ಕಥೆ ನೋಡುತ್ತೇನೆ. ಕನ್ನಡಕದಂಗಡಿಯಲ್ಲಿ ವಾರವೆಲ್ಲ ನಿಂತು, "ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಬಂದವರನ್ನೆಲ್ಲ ಕೇಳಿ ಕೇಳಿ ನಾಲಿಗೆ ಒಣಗಿರುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಯಾರನ್ನೂ ಏನನ್ನೂ ಕೇಳದೆ, ಕಿಟಕಿಯ ಪರದೆ ಎಳೆದು, ಸೋಫಾದ ಮೇಲೆ ಕಾಲು ಚಾಚಿ ಚುಕ್ಕಿಗಳ ನಡುವೆ ಹೋಗಿಬಿಡುತ್ತೇನೆ. ಪಕ್ಕದಲ್ಲಿ ನಿನ್ನ ಅಳಿಯ. ಲಿಫ್ಟ್ ರಿಪೇರಿ ಮಾಡುವವರು. ನೌಕೆ ಯಾವ ಗ್ರಹಕ್ಕೆ ಹೋದರೂ ಅವರಿಗೆ ಒಂದೇ ಚಿಂತೆ. "ಆ ಬಾಗಿಲಿಗೆ ಸೆನ್ಸರ್ರೇ ಇಲ್ಲ ಕಣೇ, ಯಾರದ್ದಾದ್ರೂ ಕೈ ಸಿಕ್ಕಿಹಾಕಿಕೊಂಡ್ರೆ ಏನ್ ಗತಿ?" ಎನ್ನುತ್ತಾರೆ. ಅಷ್ಟು ಹೇಳಿ ನಿದ್ದೆಹೋಗುತ್ತಾರೆ. ನೀನು ಕಾಣದ ಅಳಿಯ, ತುಂಬಾ ಒಳ್ಳೆಯವರು.

ಮೊನ್ನೆಯ ಕಂತಿನ ಕಥೆ ಹೇಳುತ್ತೇನೆ, ಕೇಳು. ನೌಕೆ ನಡೆಸುವವಳೊಬ್ಬಳು. ಬಹಳ ದೂರದಲ್ಲಿ ಕೆಟ್ಟುನಿಂತ, ನೌಕೆಗಳಿಗೆ ದಾರಿ ತೋರುವ ದೀಪವೊಂದನ್ನು ಸರಿಮಾಡಿ ಬರುವ ಕೆಲಸ ಅವಳ ಪಾಲಿಗೆ ಬರುತ್ತದೆ. ಪುಟ್ಟ ಮಗಳನ್ನು ಮನೆಯಲ್ಲಿ ಬಿಟ್ಟು ಹೊರಡುತ್ತಾಳೆ. ಆ ನೌಕೆಯ ವೇಗ ಎಂಥದ್ದೆಂದರೆ, ಒಳಗೆ ಕುಳಿತವರಿಗೆ ಹೊತ್ತು ಮೆಲ್ಲಗೆ ಸರಿಯುತ್ತದೆ, ಹೊರಗಿನವರಿಗೆ ಎಂದಿನಂತೆ ಓಡುತ್ತದೆ. ಅವಳಿಗೆ ಹನ್ನೊಂದು ದಿನ ಕಳೆಯುವಷ್ಟರಲ್ಲಿ ಮನೆಯಲ್ಲಿ ನಲವತ್ತು ವರ್ಷ. ವಾಪಸು ಬಂದು ಇಳಿದಾಗ ಅವಳ ಕೂದಲು ಇನ್ನೂ ಕಪ್ಪಗೇ ಇದೆ. ಎದುರಿಗೆ ನರೆಗೂದಲಿನ ಹೆಂಗಸೊಬ್ಬಳು ದಪ್ಪ ಕೋಟು ಹಾಕಿಕೊಂಡು ನಿಂತಿದ್ದಾಳೆ. ತಾಯಿ ಅವಳನ್ನು ದಾಟಿ ಅತ್ತಿತ್ತ ಕಣ್ಣಾಡಿಸುತ್ತಾಳೆ. ಸೊಂಟದೆತ್ತರದ ಮಗು ಎಲ್ಲಿ ಎಂದು ಹುಡುಕುತ್ತಾಳೆ.

ಅಮ್ಮ, ಆಮೇಲೆ ಟೀವಿ ಎಲ್ಲಿ, ಕೋಣೆ ಎಲ್ಲಿ ಎಂಬುದೇ ನನಗೆ ಕಲಸಿಹೋಯಿತು. ಪರದೆಯ ಸಂದಿನಿಂದ ಬಿದ್ದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಅದರೊಳಗಿನಿಂದ ನಮ್ಮ ಹಳೆಯ ಮನೆಯ ಮುಂದಿನ ಕೋಣೆ ನಿಧಾನವಾಗಿ ಬಂದು ನಿಂತಿತು. ಗೋಡೆಗೆ ಮುಖಮಾಡಿದ ನಿನ್ನ ಹೊಲಿಗೆ ಮಿಷನ್ನು, ಅದರ ಸಣ್ಣ ಹಳದಿ ದೀಪ, ಬಟ್ಟೆ ಕತ್ತರಿಸುವ ದೊಡ್ಡ ಮೇಜು, ನಿನ್ನ ಕೊರಳಲ್ಲಿ ನೇತಾಡುವ ಅಳತೆ ಟೇಪು. ಗಿರಾಕಿಗಳು ನಿನ್ನನ್ನು 'ನಾಳೆ ಟೈಲರಮ್ಮ' ಎನ್ನುತ್ತಿದ್ದರು. ಯಾರು ಬಂದರೂ "ಗುಂಡಿ-ಕಾಜಾ ಒಂದು ಬಾಕಿ, ನಾಳೆ ಬನ್ನಿ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದೆ. ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುತ್ತಿರಲಿಲ್ಲ.

ಆ ಕೊನೆಯ ವರ್ಷ ಗಿರಾಕಿಗಳ ಬಟ್ಟೆಯನ್ನು ನೀನು ಮುಟ್ಟಲೇ ಇಲ್ಲ. ಹೊಲಿದದ್ದೆಲ್ಲ ನನ್ನ ಫ್ರಾಕು. ಎಂಟು ವರ್ಷದ್ದು, ಒಂಬತ್ತರದ್ದು, ಹತ್ತರದ್ದು, ಹೀಗೆ ಹದಿನೈದರವರೆಗೆ. ಒಂದೊಂದಕ್ಕೂ ವಯಸ್ಸು ಬರೆದ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿಟ್ಟೆ. ಆಟಕ್ಕೆ ಕರೆದರೆ, "ತಡಿ ಪುಟ್ಟಿ, ಈ ತೋಳೊಂದು ಕೂರಿಸಿಬಿಡ್ತೀನಿ" ಎನ್ನುತ್ತಿದ್ದೆ. ತೋಳು ಆದಮೇಲೆ ಕಾಲರು, ಕಾಲರು ಆದಮೇಲೆ ಜೇಬು. ನಿನಗೆ ಕಾಯಿಲೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ನನಗಿಂತ ಮಿಷನ್ನೇ ಹೆಚ್ಚು ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು.

ಇನ್ನೊಂದು ವಿಷಯ. ಬೇಜಾರು ಮಾಡಿಕೊಳ್ಳಬೇಡ, ಅಳತೆ ಪೂರ್ತಿ ತಪ್ಪಿತ್ತು. ನೀನು ಬೆಳೆದ ಹಾಗೆಯೇ ನಾನೂ ಬೆಳೆಯುತ್ತೇನೆಂದು ಕತ್ತರಿಸಿಬಿಟ್ಟಿದ್ದೆ. ನೀನೋ ಬಾಗಿಲಿಗೆ ತಲೆ ತಗಲುವಷ್ಟು ಉದ್ದ, ನಾನು ಅಪ್ಪನ ಹಾಗೆ ಕುಳ್ಳಿ. ಹನ್ನೊಂದರ ಫ್ರಾಕು ನನಗೆ ಹದಿನಾಲ್ಕಕ್ಕೆ ಸರಿಹೋಯಿತು. ಹದಿನೈದರದ್ದು ಇವತ್ತಿಗೂ ಉದ್ದ. ಬೀದಿಯವರ ಸೊಂಟವನ್ನೆಲ್ಲ ಕಣ್ಣಳತೆಯಲ್ಲೇ ಹೇಳುತ್ತಿದ್ದವಳು ಮಗಳ ವಿಷಯದಲ್ಲಿ ಎಡವಿದ್ದೆ. ನಿನ್ನ ತಂಗಿ, ಚಿಕ್ಕಮ್ಮ, ಅಂಚು ಮಡಿಸಿ, ಗದರಿಸಿ ತೊಡಿಸುತ್ತಿದ್ದಳು. ನಾನು ಹಾಕಿಕೊಂಡು ದಿನವಿಡೀ ದುಸುಮುಸು ಎನ್ನುತ್ತಿದ್ದೆ. ಚೆನ್ನಾಗಿದೆ ಎಂದು ಒಂದು ಸಲವೂ ಹೇಳಲಿಲ್ಲ.

ಟೀವಿಯಲ್ಲಿ ಆ ತಾಯಿಗೆ ಕೊನೆಗೂ ಎದುರಿಗಿರುವವಳು ಯಾರೆಂದು ತಿಳಿಯುತ್ತದೆ. "ನನ್ನ ಮೇಲೆ ಕೋಪ ಬಂದಿತ್ತಾ?" ಎಂದು ಕೇಳುತ್ತಾಳೆ. ಮಗಳು, "ಇಲ್ಲಮ್ಮ" ಎನ್ನುತ್ತಾಳೆ.

"ಸುಳ್ಳು!" ಎಂದು ನಾನು ಕೂಗಿಬಿಟ್ಟೆ. ನಿನ್ನ ಅಳಿಯ ಗಾಬರಿಯಿಂದ ಎದ್ದು ಕುಳಿತು, "ಏನಾಯ್ತೇ? ಬಾಗಿಲಿಗೆ ಕೈ ಸಿಕ್ತಾ?" ಎಂದರು. "ನಲವತ್ತು ವರ್ಷ ಕಣ್ರೀ! ಕೋಪಾನೇ ಬರಲಿಲ್ವಂತೆ ಇವಳಿಗೆ!" ಎನ್ನುತ್ತ ಅಳತೊಡಗಿದೆ. ಟೀವಿ ಆರಿಸುವುದೋ ಬೇಡವೋ ತಿಳಿಯದೆ ಅವರು ರಿಮೋಟು ಹಿಡಿದುಕೊಂಡು ಕುಳಿತರು.

ಆರಿಸದೆ ಇದ್ದದ್ದು ಒಳ್ಳೆಯದಾಯಿತು. ಮಗಳು ಕಷ್ಟಪಟ್ಟು ಮಂಡಿಯೂರಿ ತಾಯಿಯ ಬೂಟಿನ ಪಟ್ಟಿ ಬಿಚ್ಚುತ್ತಾಳೆ. "ಸುಸ್ತಾಗಿದ್ದೀಯ, ಕೂತ್ಕೋ" ಎನ್ನುತ್ತಾಳೆ. ತಾಯಿ ಎಳೆಯ ಹುಡುಗಿಯಂತೆ ಬಿಕ್ಕುತ್ತಾಳೆ. ಆಗ ನನಗೆ ಹೊಳೆಯಿತು, ಎಷ್ಟು ಚಿಕ್ಕವಳು ಅವಳು! ನಮ್ಮ ಅಂಗಡಿಗೆ ಮೂವತ್ತಮೂರರ ಹುಡುಗಿಯರು ಬರುತ್ತಾರೆ. ನಾನು ಅವರನ್ನು "ಬಾ ಮಗಾ, ಕೂತ್ಕೋ" ಎನ್ನುತ್ತೇನೆ. ನಿನಗೆ ನಲವತ್ತರ ಚಾಳೀಸು ಕನ್ನಡಕ ಬರುವಷ್ಟು ವಯಸ್ಸೂ ಆಗಲಿಲ್ಲವಲ್ಲ ಅಮ್ಮ. ಅಂಥ ಒಬ್ಬ ಹುಡುಗಿ, ತಾನು ಇರಲಾರದ ವರ್ಷಗಳಿಗೆಲ್ಲ ಒಬ್ಬಳೇ ಹೋಗಿ ಬರುತ್ತಿದ್ದಳು. ನೀನು ಆ ಹಳದಿ ದೀಪದ ಕೆಳಗೆ ಪೆಡಲು ತುಳಿಯುತ್ತ ಹತ್ತು ವರ್ಷದ ನನ್ನನ್ನು ನೋಡಿಕೊಂಡು ಬರುತ್ತಿದ್ದೆ, ಹನ್ನೆರಡರ ನನ್ನ ಭುಜ ಮುಟ್ಟಿ ಬರುತ್ತಿದ್ದೆ. ನಾನು ಮಾತ್ರ ನಿನ್ನ ಪಕ್ಕದಲ್ಲೇ ನಿಂತು, ಅಮ್ಮ ನನ್ನ ಜೊತೆ ಇಲ್ಲವೆಂದು ಅಳುತ್ತಿದ್ದೆ.

ಈಗ ಆ ದಿನದ ಮಾತು. ಬೆಳಿಗ್ಗೆ ಹತ್ತು ಗಂಟೆ ಇರಬೇಕು. ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂದು ನಿಂತಿತ್ತು. ನಾನು ಮೇಜಿನ ಕೆಳಗೆ, ಚೂರುಬಟ್ಟೆಗಳ ನಡುವೆ ಮುದುಡಿ ಕುಳಿತಿದ್ದೆ. "ಪುಟ್ಟೀ, ಹೋಗಿ ಬರ್ತೀನಿ ಕಣೇ" ಎಂದೆ ನೀನು. ನಿನ್ನ ಚಪ್ಪಲಿ ಮೇಜಿನ ಹತ್ತಿರ ಬಂದು ನಿಂತಿತು. "ಹೋಗಿ ಬರ್ಲಾ? ಹೂಂ ಅನ್ನು." ನಾನು ಹಠ ಹಿಡಿದು ತುಟಿ ಕಚ್ಚಿಕೊಂಡೆ. ಹೊರಗಿನಿಂದ ಅಪ್ಪ, "ಹೊತ್ತಾಯ್ತು" ಎಂದರು. ಚಪ್ಪಲಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು, ಆಮೇಲೆ ಹೋಯಿತು. ಒಂದು ಸಲ ಬಗ್ಗಿ ನೋಡಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ವರ್ಷ ನಿನ್ನನ್ನು ಬೈದುಕೊಂಡೆ. ಬಗ್ಗಲು ಆಗದಷ್ಟು ನೋವಿತ್ತೆಂದು ಚಿಕ್ಕಮ್ಮ ಹೇಳಿದಾಗ ನನಗೆ ಇಪ್ಪತ್ತೆರಡು. ಅಷ್ಟರಲ್ಲಿ ಕೋಪ ಒಂದು ಅಭ್ಯಾಸವಾಗಿಹೋಗಿತ್ತು, ಬಿಡಲು ಬರಲಿಲ್ಲ.

ಕೋಪ ಬಂದಿತ್ತಮ್ಮ. ಸುಳ್ಳು ಹೇಳುವುದಿಲ್ಲ, ತುಂಬಾ ಬಂದಿತ್ತು. ಈಗಿಲ್ಲ. ಭಾನುವಾರದಿಂದ ಹುಡುಕುತ್ತಿದ್ದೇನೆ, ಎಲ್ಲೂ ಸಿಗುತ್ತಿಲ್ಲ. ಅದಿದ್ದ ಜಾಗದಲ್ಲಿ ನಿನ್ನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಆಸೆಯೊಂದು ಬಂದು ಕುಳಿತಿದೆ.

ಕಾಗದದ ಕೊನೆಯಲ್ಲಿ ಚಿಕ್ಕವರು ನಮಸ್ಕಾರ ಬರೆಯಬೇಕು, ದೊಡ್ಡವರು ಆಶೀರ್ವಾದ. ನಾನು ನಿನಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವಳು. ಆದ್ದರಿಂದ ಆಶೀರ್ವಾದ ನನ್ನದೇ ಇರಲಿ. ನೀನಿರುವಲ್ಲಿ ನಿನ್ನ ಬೆನ್ನು ನೋಯದಿರಲಿ. ಯಾರೂ ನಿನ್ನನ್ನು ಅವಸರಪಡಿಸದಿರಲಿ.

ಹೂಂ ಅಮ್ಮ. ಹೋಗಿ ಬಾ.

ನಿನ್ನ
ಪುಟ್ಟಿ