ತಾಯಿಯ ಕೆಲಸ

ಕೋಲ್ಕತ್ತ
12 ಜುಲೈ 2005

ಅವ್ವನಿಗೆ ನಮಸ್ಕಾರ.

ನಮ್ಮ ಕಚೇರಿಯಲ್ಲಿ ಬೆಳೆವಿಮೆಯ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇವೆ. ಹೆಂಗಸಿನ ಹೆಸರು ಹಾಕಿದರೆ ಸಾಕು, ಉದ್ಯೋಗ 'ಗೃಹಿಣಿ' ಎಂದು ಅದೇ ತುಂಬಿಕೊಂಡು ಅರ್ಜಿಯನ್ನು ತಳ್ಳಿಹಾಕುತ್ತಿತ್ತು. ನಾನು ಜಗಳ ತೆಗೆದೆ. "ಹೆಂಗಸರು ಬೇಸಾಯ ಮಾಡ್ತಾರೇನಮ್ಮ?" ಎಂದರು ನಮ್ಮ ಮೇಲಧಿಕಾರಿ ಬಸು ಸಾಹೇಬರು. ನಿನ್ನ ಬಗ್ಗೆ ಅರ್ಧ ಗಂಟೆ ಹೇಳಿದೆ. ನಿನ್ನೆ ಅದನ್ನು ಸರಿ ಮಾಡಿಸಿ, ನನಗೆ ಝಾಲ್‌ಮುರಿ, ಅಂದರೆ ಇಲ್ಲಿಯ ಖಾರಮಂಡಕ್ಕಿ, ಕೊಡಿಸಿದರು.

ಒಂದು ಮಾತು ಮಾತ್ರ ಅವರಿಗೆ ಹೇಳಲಿಲ್ಲ. ಹೈಸ್ಕೂಲು ಸೇರುವಾಗ ಅರ್ಜಿಯಲ್ಲಿ 'ತಾಯಿಯ ಕೆಲಸ: ಏನೂ ಇಲ್ಲ' ಎಂದು ಬರೆದವಳು ನಾನೇ. ನೀನು ನಾಟಿಯ ನಡುವೆ ಓಡಿಬಂದು, ಅದರ ಕೆಳಗೆ ಕೆಸರುಗೈಯಲ್ಲೇ ಹೆಬ್ಬೆಟ್ಟು ಒತ್ತಿದ್ದೆ.

ಈ ಲಕೋಟೆಯ ಮೇಲೆ ನಿನ್ನ ಹೆಸರಿನ ಮುಂದೆ 'ರೈತರು' ಎಂದು ಬರೆದಿದ್ದೇನೆ. ಅಂಚೆಯವನು ನಕ್ಕರೆ ನಗಲಿ. ಉತ್ತರ ಬರೆಸಿ ಹೆಬ್ಬೆಟ್ಟು ಒತ್ತು. ಗದ್ದೆಯಿಂದ ಬಂದವಳು ಕೈ ತೊಳೆಯಬೇಡ.

ನಿನ್ನ ಮಗಳು
ಅಹಲ್ಯಾ