ಹಿಡಿಕೆಗೆ ಬಿದ್ದ ಸೈಕಲ್ ಬೀಗ

ಬುಧವಾರ, ಸಂಜೆ

ನನ್ನ ಗುಬ್ಬಿಮರಿಗೆ ಅಪ್ಪನ ಪ್ರೀತಿ.

ಫೋನ್ ಎತ್ತುತ್ತಿಲ್ಲ ನೀನು. ಬೇಡ ಬಿಡು, ಓದು. ಕಾಗದವನ್ನು ಮಾತಿನ ಮಧ್ಯೆ ಕಟ್ ಮಾಡಕ್ಕಾಗಲ್ಲವಲ್ಲ. ಕಾಲೇಜಿನಲ್ಲಿ ನಮಗೆ ಕಾಗದ ಬರೆಯುವುದನ್ನು ಕಲಿಸಿದ್ದರು, ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡಬೇಕು. ಮುಂದಿನದು ಮರೆತೇ ಹೋಗಿದೆ. ಬೆಗ್ ಅನ್ನುವುದಷ್ಟೇ ನೆನಪು. ಹಾಗಾಗಿ ನೇರವಾಗಿ ಬೇಡಿಕೊಂಡುಬಿಡುತ್ತೇನೆ: ನಾಳೆ ಬೆಳಿಗ್ಗೆ ಆ ಮಣ್ಣು ಕಲಸುವ ಯಂತ್ರದೊಳಗೆ ಹಾಗೇ ಇಳಿಯಬೇಡ.

ನಿನಗೆ ಸಿಟ್ಟು ಬಂದದ್ದು ಸರಿಯೇ. ಇಡೀ ಹೆಂಚಿನ ಕಾರ್ಖಾನೆಯ ಮುಂದೆ ನಿನ್ನ ಮಾನ ಹೋಯಿತು. ಮಧ್ಯಾಹ್ನದ ಡಬ್ಬಿ ಕೊಡಲು ಬಂದ ಮುದುಕ ಮೇನ್ ಸ್ವಿಚ್ಚಿಗೇ ಸೈಕಲ್ ಬೀಗ ಜಡಿದುಬಿಟ್ಟ ಅಂದರೆ ಯಾರು ನಗಲ್ಲ? ಪ್ಯಾಕಿಂಗಿನವರು, ‘ಅಜ್ಜಾ, ನಮ್ಮ ಮನೆ ಮುಂದೆ ಎರಡು ಸೈಕಲ್ ನಿಂತಿವೆ, ಅವಕ್ಕೂ ಒಂದು ಬೀಗ ಹಾಕಿ’ ಅಂದರು. ನಿಮ್ಮ ಸೂಪರ್‌ವೈಜರು ನಿನ್ನ ಕಡೆ ತಿರುಗಿ, ಮೊದಲು ನಿಮ್ಮ ತಂದೆಯವರನ್ನು ಮನೇಲಿ ಬೀಗ ಹಾಕಿ ಇಡಮ್ಮ ಅಂದ. ಆಗ ನಿನ್ನ ಮುಖ ನೋಡಲಾರದೆ ನಾನು ಡಬ್ಬಿಯ ಮುಚ್ಚಳ ನೋಡುತ್ತಾ ನಿಂತೆ. ಕೀಲಿ ಬಚ್ಚಿಟ್ಟೆ ಅಂತ ನೀನು ಬೈದೆಯಲ್ಲ, ದೇವರಾಣೆ ಇಲ್ಲ ಮಗಳೇ. ಬಲಗೈಯಲ್ಲಿ ಜೇಬೆಲ್ಲ ತಡಕಾಡಿದೆ, ಚೀಲವನ್ನೂ ಕೊಡವಿದೆ. ಅವರು ಗರಗಸ ತಂದು ಬೀಗ ಕೊಯ್ದು ಮುಗಿಸಿದ ಮೇಲೆ ನೋಡಿಕೊಂಡರೆ, ಕೀಲಿ ಎಡಗೈ ಮುಷ್ಟಿಯಲ್ಲೇ ಇತ್ತು. ಬೆರಳು ಬಿಡಿಸಲಿಕ್ಕೇ ಆಗಿರಲಿಲ್ಲ. ಅಂಗೈ ತುಂಬ ಅದರ ಅಚ್ಚು.

ಸುಮ್ಮನೆ ಹೆದರಿಕೆ ಆಯಿತು, ಅದಕ್ಕೆ ಹಾಕಿದೆ ಅಂತ ಅಲ್ಲಿ ಹೇಳಿದೆ. ಅದು ಅರ್ಧ ಮಾತು.

ನಿಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ಯಂತ್ರದೊಳಗೆ ಇಳಿಯುವವರು ಬೂಟು ಬಿಚ್ಚಿ ಸ್ವಿಚ್ಚಿನ ಕೆಳಗೆ ಇಟ್ಟು ಬರಿಗಾಲಲ್ಲಿ ಇಳಿಯುವುದು. ಬೂಟು ಕಂಡರೆ ಒಳಗೆ ಆಳಿದೆ ಅಂತ ಅರ್ಥ. ನೀನು ಮೊದಲ ಸಲ ಹೇಳಿದಾಗಲೇ ಕೇಳಿದ್ದೆ. ಬೂಟಿಗೇನು ಬಾಯಿದೆಯೇ, ನಿಲ್ಲು ಅನ್ನಲಿಕ್ಕೆ? ನಮ್ಮ ಹಳೆಯ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ನರು ಒಬ್ಬೊಬ್ಬರೂ ಸ್ವಿಚ್ಚಿಗೆ ಜಡಿಯಲು ಒಂದೊಂದು ಬೀಗ ಸೊಂಟಕ್ಕೆ ಕಟ್ಟಿಕೊಂಡೇ ತಿರುಗುತ್ತಿದ್ದೆವು. ನಿಮ್ಮಮ್ಮ, ಊರಿನ ಹೆಂಗಸರ ಬಳೆಗಿಂತ ನಿಮ್ಮದೇ ಸದ್ದು ಜಾಸ್ತಿ ಅಂತ ಆಡಿಕೊಳ್ಳುತ್ತಿದ್ದಳು. ಅವಳು ಇದ್ದಿದ್ದರೆ ಈ ಕಾಗದ ಅರ್ಧದಷ್ಟೂ ಇರುತ್ತಿರಲಿಲ್ಲ. ನೇರ ನಿನ್ನ ಕಿವಿ ಹಿಂಡುತ್ತಿದ್ದಳು.

ಎಲ್ಲಿದ್ದೆ? ಹಾಂ, ಬೂಟು. ಇವತ್ತು ನಾನು ಬಂದಾಗ ಸ್ವಿಚ್ಚಿನ ಕೆಳಗೆ ನೆಲ ಕನ್ನಡಿ ಹಾಗೆ ಗುಡಿಸಿತ್ತು. ಬೂಟಿಲ್ಲ. ಊಟಕ್ಕೆ ಹೋಗಿದ್ದೀಯ ಅಂದುಕೊಂಡು ತಿರುಗಿದವನಿಗೆ, ಮೂಲೆಯಲ್ಲಿ ಪೊರಕೆಯ ಪಕ್ಕ ನಿನ್ನ ಬೂಟು ಕಾಣಿಸಿತು. ಒಂದಕ್ಕೊಂದು ತಾಗಿಸಿ, ಮಗು ಮಲಗಿಸಿದ ಹಾಗೆ ನೀಟಾಗಿ ಇಟ್ಟಿತ್ತು. ಗುಡಿಸುವ ಅಕ್ಕ ಪಾಪ, ಧೂಳಾಗಬಾರದು ಅಂತ ಎತ್ತಿಟ್ಟಿದ್ದಾಳೆ. ಅವಳನ್ನು ಬೈಯಬೇಡ.

ಓಡಿ ಬಂದು ನಿನ್ನನ್ನು ಕೂಗಬೇಕಿತ್ತು. ಆದರೆ ಯಂತ್ರ ಇರುವುದು ಗೋಡೆಯ ಆಚೆ, ನನ್ನ ಕಾಲಿನ ಓಟ ನಿನಗೆ ಗೊತ್ತಲ್ಲ. ಡಬ್ಬಿಯ ಚೀಲದಲ್ಲಿ ಸೈಕಲ್ ಬೀಗ ಇತ್ತು. ಕೆಳಗಿಳಿಸಿದ್ದ ಸ್ವಿಚ್ಚಿನ ಹಿಡಿಕೆಯ ತೂತಿಗೆ ತೂರಿಸಿ ಒತ್ತಿದೆ. ಆಮೇಲೆ ನಿನ್ನ ಕಡೆ ನಡೆದೆ. ಹತ್ತು ಹೆಜ್ಜೆಯೂ ಹೋಗಿರಲಿಕ್ಕಿಲ್ಲ, ಹಿಂದೆ ಖಟಾರ್ ಅಂತ ಸದ್ದಾಯಿತು.

ಯಾರೋ ಯಂತ್ರ ಶುರು ಮಾಡಲು ಹಿಡಿಕೆ ಮೇಲಕ್ಕೆ ಎಳೆದರು, ಗುಬ್ಬಿ. ನಾನು ಹೇಳದೆ ಉಳಿಸಿದ್ದು ಇದೇ. ಹಿಡಿಕೆ ಬೆರಳಷ್ಟು ಎದ್ದು ಬೀಗಕ್ಕೆ ಸಿಕ್ಕಿಕೊಂಡಿತು. ಅವರು, ಇದ್ಯಾಕೋ ಜಾಮ್ ಆಗಿದೆ ಅಂತ ಗೊಣಗುತ್ತಾ ಇನ್ನೊಮ್ಮೆ ಎಳೆದರು, ಮೈಯೆಲ್ಲ ಬಲ ಹಾಕಿ. ನಾನು ತಿರುಗಿ ಅವರ ಕಡೆ ಬಂದೆ. ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತಿದ್ದ ನೀನು ಮತ್ತೆ ಕೆಲಸ ಶುರು ಮಾಡಿದೆ. ಗೋಡೆಯಾಚೆಯಿಂದ ಅಲಗಿಗೆ ಅಂಟಿದ ಮಣ್ಣು ಕೆತ್ತುವ ನಿನ್ನ ಉಳಿಯ ಸದ್ದು, ಟಕ್ ಟಕ್. ಅವರಿಗೂ ಕೇಳಿಸಿತು. ನನ್ನನ್ನು ನೋಡಿದರು, ಮೂಲೆಯ ಬೂಟು ನೋಡಿದರು. ಬಿಳುಚಿಕೊಂಡು ಹಿಂಬಾಗಿಲಿಂದ ಹೊರಟುಹೋದರು. ಯಾರು ಅಂತ ಕೇಳಬೇಡ. ಬೂಟು ಇಲ್ಲ, ಒಳಗೆ ಯಾರೂ ಇಲ್ಲ ಅಂತ ಎಳೆದದ್ದು. ನಿಮ್ಮ ಪದ್ಧತಿ ಪ್ರಕಾರ ಅವರದೇನೂ ತಪ್ಪಿಲ್ಲ. ನನಗೆ ಹೆದರಿಕೆ ಆಗುತ್ತಿರುವುದು ಅದಕ್ಕೇ. ತಪ್ಪು ಮಾಡಿದವರಿದ್ದರೆ ಬೈದು ತಿದ್ದಬಹುದು. ಯಾರೂ ತಪ್ಪು ಮಾಡದೆಯೇ ನೀನು ಆ ಅಲಗುಗಳ ಮಧ್ಯೆ...

ಬರೆಯಲಾರೆ. ಸಂಜೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿತು, ನನ್ನ ಕೈಯಿಂದ ಲೋಟ ಜಾರಿ ಬಿತ್ತು. ಇದಕ್ಕೊಂದು ಇಂಗ್ಲಿಷ್ ಪದ ಇದೆ, ನರ್ವಸ್ ಬ್ರೇಕ್ ಏನೋ.

ಅಲಗಿನ ಮಣ್ಣು ಇನ್ನೂ ಅರ್ಧ ಉಳಿದಿದೆ, ನಾಳೆ ನೀನೇ ಇಳಿಯಬೇಕು ಅಂತ ಗೊತ್ತು. ಕೆಲಸ ಬಿಡು ಅನ್ನುವುದಿಲ್ಲ. ಊರಿಗೇ ಒಬ್ಬಳು ಫಿಟ್ಟರು ಅಂತ ನಾನೇ ಬೀದಿ ತುಂಬ ಡಂಗುರ ಹೊಡೆದವನು. ಈ ಕಾಗದದ ಜೊತೆ ಒಂದು ಹೊಸ ಬೀಗ ಇದೆ. ಸ್ವಿಚ್ಚು ಇಳಿಸು, ಬೀಗ ಹಾಕು, ಒಮ್ಮೆ ಎಳೆದು ನೋಡು, ಆಮೇಲೆ ಇಳಿ. ನಗುವವರು ನಗಲಿ. ಸೂಪರ್‌ವೈಜರಿಗೆ, ಅಪ್ಪನ ಹುಚ್ಚು ನನಗೂ ಅಂಟಿದೆ ಅಂತ ಹೇಳು. ಗೇಟು ದಾಟಬೇಡ ಅಂದೆಯಲ್ಲ, ದಾಟುವುದಿಲ್ಲ. ನೀನು ಹೊರಗೆ ಬರುವವರೆಗೆ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಆ ಕಟ್ಟೆ ನಿಮ್ಮ ಕಂಪನಿಯದಲ್ಲ.

ನಿನ್ನ ಬಾಯಿಂದ ಬೈಸಿಕೊಳ್ಳಲು ಕಾದಿರುವ,
ಅಪ್ಪ

ತಾ.ಕ.: ನಿಮ್ಮ ಕಾರ್ಖಾನೆಯಲ್ಲೇ ಓವರ್‌ಟೈಮ್ ಇದೆ ಅಂತ ನಿನ್ನ ಗಂಡ ಹೇಳಿಕಳಿಸಿದ್ದು ಸುಳ್ಳು. ಮಧ್ಯಾಹ್ನದಿಂದ ಇಲ್ಲೇ ನನ್ನ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾನೆ, ಒಂದು ತುತ್ತೂ ಇಳಿದಿಲ್ಲ. ‘ಅವಳು ಊಟಕ್ಕೆ ಹೋದಳು ಅಂದುಕೊಂಡು ಎಳೆದೆ ಮಾವ, ನೀವೇ ಬರೆಯಿರಿ, ನನ್ನ ಬಾಯಲ್ಲಿ ಬರಲ್ಲ’ ಅಂದ. ಬರೆದಿದ್ದೇನೆ. ಕಾಗದ ತರುವವನೂ ಅವನೇ, ಇದನ್ನು ಓದುವಾಗ ನಿನ್ನ ಎದುರಿಗೇ ನಿಂತಿರುತ್ತಾನೆ. ಒಳಗೆ ಕರೆದು ಏನಾದರೂ ತಿನ್ನಿಸು. ಬೀಗದ ಕೀಲಿ ಮಾತ್ರ ನಿನ್ನ ಜೇಬಿನಲ್ಲೇ ಇರಲಿ, ಯಾರ ಕೈಗೂ ಕೊಡಬೇಡ, ಗಂಡನ ಕೈಗೂ. ಇದು ನನ್ನ ಮಾತಲ್ಲ, ಅವನೇ ಬರೆಸಿದ್ದು.