ಇಬ್ಬರಿಗೆ ಒಂದೇ ಕ್ಲಿಪ್

ಪಕ್ಕದ ಮಂಚದ ತಂಗಿಗೆ,

ನಮ್ಮ ಯಜಮಾನರು ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ನಿಮ್ಮವರು ಆಗಲೇ ಅಂಗಡಿಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆಂದು ಸಿಸ್ಟರ್ ಹೇಳಿದರು. ಇದನ್ನು ಬರೆಯಲು ಈಗ ಧೈರ್ಯ ಬಂದಿದೆ.

ಆ ತೀವ್ರ ನಿಗಾ ಘಟಕದಲ್ಲಿ ನಮ್ಮಿಬ್ಬರ ಗಂಡಂದಿರಿಗೆ ಆಮ್ಲಜನಕದ ಮಟ್ಟ ತೋರಿಸುವ ಕ್ಲಿಪ್ ಒಂದೇ ಇತ್ತು. ಗಂಟೆಗೊಮ್ಮೆ ಒಬ್ಬರ ಬೆರಳಿನಿಂದ ತೆಗೆದು ಇನ್ನೊಬ್ಬರಿಗೆ ಹಾಕುತ್ತಿದ್ದರು. ಮೂರನೆಯ ದಿನ ನಿಮ್ಮವರ ಸರದಿ ಬಂದಾಗ ನಾನು ಇವರ ಕೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡೆ. "ಇನ್ನೊಂದ್ ಹತ್ತೇ ನಿಮಿಷ, ಸಿಸ್ಟರ್" ಎಂದೆ. ಅವರು ಬೇರೆ ಮಂಚದತ್ತ ಓಡಿದರು. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು.

ನೀನು ಜಗಳವಾಡಲಿಲ್ಲ. "ಇರ್ಲಿ ಬಿಡಿ ಅಕ್ಕಾ, ನಾನು ಇವರ ಉಗುರು ನೋಡ್ತಾ ಕೂತ್ಕೋತೀನಿ" ಎಂದೆ. ಉಗುರು ನೀಲಿಗಟ್ಟಿದ್ದನ್ನು ಕಂಡು ನೀನು ಕೂಗಿದ ಕೂಗಿಗೆ ಡಾಕ್ಟರ್ ಓಡಿ ಬಂದು ಅವರನ್ನು ಉಳಿಸಿಕೊಂಡರು. ಒಂದು ಗಳಿಗೆ ನೀನು ತೂಕಡಿಸಿದ್ದರೆ? ನಾನು ಇಷ್ಟು ವರ್ಷ ಓದಿದ ಯಾವ ಕವಿತೆಯೂ ಆ ಪ್ರಶ್ನೆಯಿಂದ ನನ್ನನ್ನು ಬಿಡಿಸಲಿಲ್ಲ.

ನಿನ್ನೆ ಇವರಿಗೆ ಎಲ್ಲ ಹೇಳಿದೆ. "ಎಂ.ಎ. ಓದಿದವಳು, ಮಕ್ಕಳು ಆಟದ ಸಾಮಾನು ಹಿಡ್ಕೊಂಡ ಹಾಗೆ ಹಿಡ್ಕೊಂಡ್ಯಾ? ಆ ಹೆಣ್ಣುಮಗಳ ಮುಖ ಹೇಗೆ ನೋಡ್ತೀಯ?" ಎಂದು ಒಂದೇ ಉಸಿರಿನಲ್ಲಿ ಬೈದರು. ಒಂದೇ ಉಸಿರಿನಲ್ಲಿ, ತಂಗಿ! ಇನ್ನಷ್ಟು ಬೈಯಲಿ ಎಂದು ಎದುರಿಗೇ ನಿಂತಿದ್ದೆ.

ಮಂಗಳವಾರ ಇಬ್ಬರನ್ನೂ ಮತ್ತೆ ತೋರಿಸಲು ಕರೆದಿದ್ದಾರೆ. ದಯವಿಟ್ಟು ಸ್ವಲ್ಪ ಬೇಗ ಬಾ. ನೀನು ಬೈಯುವುದನ್ನೂ ಕೇಳಬೇಕು.

ಕ್ಷಮೆ ಬೇಡುವ,
ನಿನ್ನ ಅಕ್ಕ